ಬಾಲರಾಜನೂ ಪಾಲಕನೂ: ಸುರಪುರದ ವೆಂಕಟಪ್ಪ ನಾಯಕ ಮತ್ತು ಮೆಡೋಸ್ ಟೇಲರ್

ಪೌಲನು ಗಲಾತ್ಯದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯ ಒಂದು ಮನೆಯ ಚಿತ್ರದಿಂದ ತೊಡಗುತ್ತದೆ. ತಂದೆಯ ಸೊತ್ತಿಗೆಲ್ಲ ಬಾಧ್ಯನಾದ ಹುಡುಗನೊಬ್ಬನಿದ್ದಾನೆ. ಹೆಸರಿಗೆ ಎಲ್ಲಕ್ಕೂ ಒಡೆಯ. ಆದರೆ ಪ್ರಾಯಕ್ಕೆ ಬರುವ ತನಕ ಪಾಲಕರ ಮತ್ತು ಮನೆವಾರ್ತೆಯವರ ಕೈಕೆಳಗಿರಬೇಕಾದವನು. ಆ ಮಟ್ಟಿಗೆ ಅವನಿಗೂ ಮನೆಯ ದಾಸನಿಗೂ ಹೆಚ್ಚಿನ ಭೇದವಿಲ್ಲ. ವ್ಯಾಖ್ಯಾನಕಾರರ ದೃಷ್ಟಿ ಸಾಮಾನ್ಯವಾಗಿ ಆ ಹುಡುಗನ ಮೇಲೆಯೇ ನೆಟ್ಟಿರುತ್ತದೆ. ಅವನು ಧರ್ಮಶಾಸ್ತ್ರದ ಅಧೀನತೆಯಿಂದ ಪುತ್ರತ್ವಕ್ಕೆ ಬಂದ ಬಗೆಯನ್ನು ವಿವರಿಸುವುದು ಅವರ ಕೆಲಸ, ಅದು ಸರಿಯೂ ಹೌದು. ಪಾಲಕನ ಕಡೆ ತಿರುಗಿ ನೋಡುವವರು ವಿರಳ. ಅವನು ಎಂಥವನು, ಹುಡುಗನನ್ನು ಏನೆಂದು ಬೆಳೆಸಿದನು, ತಂದೆ ಗೊತ್ತುಮಾಡಿದ ದಿನ ಬಂದಾಗ ಏನನ್ನು ಒಪ್ಪಿಸಿಕೊಟ್ಟನು ಎಂಬ ಪ್ರಶ್ನೆಗಳು ಪೌಲನ ವಾದಕ್ಕೆ ಬೇಕಾಗಿರಲಿಲ್ಲ. ಚರಿತ್ರೆಯನ್ನು ಓದುವವನಿಗೆ ಅವು ಬೇಕಾಗುತ್ತವೆ. ಕನ್ನಡ ನಾಡಿನಲ್ಲಿ ಈ ಪ್ರಶ್ನೆಗಳನ್ನು ಕೇಳಲು ಸುರಪುರಕ್ಕಿಂತ ತಕ್ಕ ಸ್ಥಳ ನನಗೆ ಕಾಣದು.

ಸುರಪುರವು ಇಂದು ಯಾದಗಿರಿ ಜಿಲ್ಲೆಯ ಒಂದು ತಾಲೂಕು ಕೇಂದ್ರ. ದಕ್ಷಿಣಕ್ಕೆ ಕೃಷ್ಣಾ ನದಿ. ಊರಿನ ಸುತ್ತ ಬಂಡೆಗಲ್ಲಿನ ಗುಡ್ಡಗಳು. ಗುಡ್ಡಗಳಾಚೆ ಎರೆಭೂಮಿಯ ಹಳ್ಳಿಗಳು. ಈ ತಾಲೂಕಿನ ದೇವಾಪುರವು ಸಾಹಿತ್ಯಾಸಕ್ತರಿಗೆ ಬೇರೊಂದು ಕಾರಣಕ್ಕೆ ಗೊತ್ತು. ‘ಜೈಮಿನಿ ಭಾರತ’ದ ಕವಿ ಲಕ್ಷ್ಮೀಶನ ದೇವಪುರ ಇದೇ ಎಂಬುದು ಒಂದು ಪಕ್ಷ, ಕಡೂರು ಸೀಮೆಯ ದೇವನೂರೆಂಬುದು ಇನ್ನೊಂದು ಪಕ್ಷ. ಆ ಜಗಳವನ್ನು ತೀರಿಸುವುದು ನನ್ನ ಉದ್ದೇಶವಲ್ಲ. ಆದರೆ ಲಕ್ಷ್ಮೀಶನ ಕಾವ್ಯದ ಒಂದು ಕಥೆಯನ್ನು ಮುಂದೆ ನೆನೆಯಬೇಕಾಗುವುದು.

ಇಲ್ಲಿ ಆಳಿದವರು ಗೋಸಲ ವಂಶದ ಬೇಡ ನಾಯಕರು. ದಖ್ಖನಿನ ಚರಿತ್ರೆಯಲ್ಲಿ ಅವರ ಹೆಸರು ದೊಡ್ಡದಾಗಿ ಕೇಳಿಬರುವುದು 1705ರಲ್ಲಿ, ಔರಂಗಜೇಬನು ವಾಗಿನಗೇರಿಯ ಕೋಟೆಗೆ ಮುತ್ತಿಗೆ ಹಾಕಿದಾಗ. ಮುಪ್ಪಿನ ಬಾದಶಹನು ತಾನೇ ಮುಂದೆ ನಿಂತು ನಡೆಸಿದ ಕೊನೆಯ ದೊಡ್ಡ ಮುತ್ತಿಗೆ ಅದು. ಕೋಟೆ ಬಿದ್ದಿತು, ನಾಯಕನು ಕೈಗೆ ಸಿಕ್ಕಲಿಲ್ಲ. ಎರಡು ವರ್ಷಗಳಲ್ಲಿ ಬಾದಶಹನು ತೀರಿಕೊಂಡನು, ನಾಯಕರು ಉಳಿದರು. ಮುಂದೆ ಒಂದು ಕಡೆ ಮರಾಠರಿಗೆ, ಇನ್ನೊಂದು ಕಡೆ ಹೈದರಾಬಾದಿನ ನಿಜಾಮನಿಗೆ ಕಪ್ಪ ಕೊಡುತ್ತ, ಕೆಲವೊಮ್ಮೆ ಕೊಡದೆ ಕಾದುತ್ತ, ಒಂದೂವರೆ ಶತಮಾನ ಅವರು ತಮ್ಮ ಗದ್ದಿಗೆಯನ್ನು ಕಾಪಾಡಿಕೊಂಡರು.

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಈ ಮನೆತನವನ್ನು ಕುಗ್ಗಿಸಿದ್ದು ಯುದ್ಧಕ್ಕಿಂತ ಹೆಚ್ಚಾಗಿ ಸಾಲ. ಹೊಸ ರಾಜನು ಪಟ್ಟಕ್ಕೆ ಬಂದಾಗ ನಿಜಾಮನ ದರಬಾರು ಅವನಿಂದ ನಜರಾಣೆ ಕೇಳುತ್ತಿತ್ತು. ಕೃಷ್ಣಪ್ಪ ನಾಯಕನ ಮೇಲೆ ಬಿದ್ದ ಈ ಹೊರೆ ಸಂಸ್ಥಾನದ ಶಕ್ತಿಯನ್ನು ಮೀರಿದ್ದಾಗಿತ್ತು. ತೀರಿಸಲಾಗದ ನಜರಾಣೆ ಸಾಲವಾಯಿತು. ಸಾಲ ತೀರಿಸಲು ಮತ್ತೆ ಸಾಲವಾಯಿತು. ಬಾಕಿಯ ನೆಪದಲ್ಲಿ ಹೈದರಾಬಾದೂ, ಹೈದರಾಬಾದಿನ ಹಿಂದೆ ಇಂಗ್ಲಿಷ್ ರೆಸಿಡೆಂಟನೂ ಸುರಪುರದ ಒಳಮನೆಯ ತನಕ ಬಂದರು. 1840ರ ದಶಕದ ಆರಂಭದಲ್ಲಿ ಕೃಷ್ಣಪ್ಪ ನಾಯಕನು ತೀರಿಕೊಂಡಾಗ ಅವನ ಮಗ ವೆಂಕಟಪ್ಪನಿಗೆ ಸುಮಾರು ಎಂಟು ವರ್ಷ. ರಾಜಮಾತೆ ಈಶ್ವರಮ್ಮನು ಒಂದು ಕಡೆ, ಮೃತ ರಾಜನ ತಮ್ಮ ಪಿಡ್ಡ ನಾಯಕನು ಇನ್ನೊಂದು ಕಡೆ. ಹುಡುಗನು ಯಾರ ಕೈಯಲ್ಲಿ ಇರುವನೋ ರಾಜ್ಯವೂ ಅವರ ಕೈಯಲ್ಲಿ ಇರುವುದೆಂದು ಇಬ್ಬರೂ ಬಲ್ಲರು.

ಒಡೆಯನು ಸತ್ತು ಬಾಧ್ಯನು ಬಾಲಕನಾಗಿ ಉಳಿದರೆ ಮೇಲರಸನಿಗೆ ಅದು ಲಾಭದ ಸುಗ್ಗಿ ಎಂಬುದು ನಮ್ಮ ದೇಶವೊಂದರ ಅನುಭವವಲ್ಲ. ನಾರ್ಮನರು ಗೆದ್ದ ಇಂಗ್ಲೆಂಡಿನಲ್ಲಿ ಈ ಪದ್ಧತಿ ಕಾನೂನಿನ ರೂಪವನ್ನೇ ತಾಳಿತ್ತು. ಸಾಮಂತನು ಸತ್ತರೆ ಪ್ರಾಯದ ಮಗನು ಅರಸನಿಗೆ ಉತ್ತರಾಧಿಕಾರದ ಕಾಣಿಕೆ ಕೊಟ್ಟು ಭೂಮಿಯನ್ನು ಬಿಡಿಸಿಕೊಳ್ಳಬೇಕು. ಅದು ಅಲ್ಲಿಯ ನಜರಾಣೆ. ಮಗನು ಚಿಕ್ಕವನಾಗಿದ್ದರೆ ಅವನೂ ಅವನ ಭೂಮಿಯೂ ಅರಸನ ಪಾಲನೆಗೆ ಸೇರುವುವು. ಅರಸನು ಆ ಪಾಲನೆಯನ್ನು ಹಣಕ್ಕೆ ಮಾರಬಹುದು. ಹೆಣ್ಣುಮಗಳಾಗಿದ್ದರೆ ತನಗೆ ಬೇಕಾದವನಿಗೆ ಮದುವೆಮಾಡಿ ಕೊಡಬಹುದು. ಅನಾಥರನ್ನೂ ವಿಧವೆಯರನ್ನೂ ಕುರಿತು ಪ್ರವಾದಿಗಳ ಮಾತುಗಳನ್ನು ದೇವಾಲಯಗಳಲ್ಲಿ ಓದುತ್ತಿದ್ದ ನಾಡಿನಲ್ಲಿಯೇ ಇದು ನಡೆಯುತ್ತಿತ್ತು.

ಈ ಪದ್ಧತಿಯ ಎಲ್ಲ ಮಗ್ಗುಲುಗಳನ್ನೂ ಒಬ್ಬನ ಬಾಳಿನಲ್ಲಿಯೇ ಕಾಣಬೇಕಾದರೆ ವಿಲಿಯಂ ಮಾರ್ಷಲನ ಚರಿತ್ರೆಯನ್ನು ನೋಡಬೇಕು. ಸುಮಾರು 1147ರಲ್ಲಿ ಹುಟ್ಟಿದ ಈ ಆಂಗ್ಲೋ-ನಾರ್ಮನ್ ಸರದಾರನು ಆಸ್ತಿಯಿಲ್ಲದ ಕಿರಿಯ ಮಗ. 1152ರಲ್ಲಿ ಸ್ಟೀಫನ್ ಅರಸನು ನ್ಯೂಬರಿಯ ಕೋಟೆಯನ್ನು ಮುತ್ತಿದಾಗ ತಂದೆ ಜಾನ್ ಮಾರ್ಷಲನು ಈ ಹುಡುಗನನ್ನು ಒತ್ತೆಯಾಗಿ ಕೊಟ್ಟನು; ಕೊಟ್ಟ ಬಳಿಕ ಮಾತಿಗೆ ತಪ್ಪಿದನು. ಮಗನನ್ನು ಗಲ್ಲಿಗೇರಿಸುವೆನೆಂದು ಅರಸನು ಬೆದರಿಸಿದಾಗ, ಇದಕ್ಕಿಂತ ಒಳ್ಳೆಯ ಮಕ್ಕಳನ್ನು ಕಡೆಯಲು ಬೇಕಾದ ಸುತ್ತಿಗೆಯೂ ಅಡಿಗಲ್ಲೂ ತನ್ನಲ್ಲಿವೆ ಎಂಬರ್ಥದ ಉತ್ತರ ಕಳುಹಿಸಿದನೆಂದು ಮಾರ್ಷಲನ ಜೀವನಚರಿತ್ರೆಯೇ ಹೇಳುತ್ತದೆ. ಹುಡುಗನನ್ನು ಬದುಕಿಸಿದ್ದು ಶತ್ರುವಾದ ಅರಸನ ಮೃದುತ್ವ. ದೊಡ್ಡವನಾದ ಮೇಲೆ ಅವನು ಎರಡನೆಯ ಹೆನ್ರಿಯ ಮಗನಾದ ಕಿರಿಯ ಹೆನ್ರಿಗೆ ಶಸ್ತ್ರವಿದ್ಯೆಯ ಗುರುವಾದನು. ಈ ಕಿರಿಯ ಹೆನ್ರಿಗೆ ತಂದೆ ಬದುಕಿದ್ದಾಗಲೇ, 1170ರಲ್ಲಿ, ಕಿರೀಟವಿಟ್ಟಿದ್ದರು. ಅಧಿಕಾರವನ್ನು ಮಾತ್ರ ಕೊಟ್ಟಿರಲಿಲ್ಲ. ಮೂರೇ ವರ್ಷಗಳಲ್ಲಿ ಅವನು ತಂದೆಯ ಮೇಲೆ ದಂಗೆಯೆದ್ದನು; 1183ರಲ್ಲಿ, ಇನ್ನೊಂದು ದಂಗೆಯ ನಡುವೆ, ಯೌವನದಲ್ಲಿಯೇ ಸತ್ತನು. ಕಿರೀಟವನ್ನು ಕೊಟ್ಟು ಕೈಯನ್ನು ಕಟ್ಟುವುದರ ಫಲವೇನೆಂಬುದನ್ನು ಮಾರ್ಷಲನು ಹತ್ತಿರದಿಂದ ಕಂಡವನು.

1189ರಲ್ಲಿ ಅವನಿಗೆ ಇಸಬೆಲ್ ದ ಕ್ಲೇರ್ ದೊರೆತಳು. ಆಕೆ ಅರಸನ ಪಾಲನೆಯಲ್ಲಿದ್ದ ಅನಾಥೆ, ವೇಲ್ಸ್ ಮತ್ತು ಐರ್ಲೆಂಡಿನ ವಿಸ್ತಾರವಾದ ಭೂಮಿಗೆ ಬಾಧ್ಯಳು. ಅವನಿಗೆ ನಲವತ್ತು ದಾಟಿತ್ತು, ಆಕೆಗೆ ಇನ್ನೂ ಹದಿಹರೆಯ. ಒಪ್ಪಿಗೆಯನ್ನು ಯಾರೂ ಕೇಳಿರಲಾರರು. ಆದರೂ ಆ ದಾಂಪತ್ಯ ಬಾಳಿತು. ಐದು ಗಂಡು, ಐದು ಹೆಣ್ಣು ಮಕ್ಕಳಾದರು. ಮುಂದೆ ಜಾನ್ ಅರಸನು ಅವನ ಹಿರಿಯ ಮಗನನ್ನು ಒತ್ತೆಯಾಗಿ ಕೇಳಿದಾಗ ತಾನು ಬಾಲ್ಯದಲ್ಲಿ ನಿಂತ ಜಾಗದಲ್ಲಿ ತನ್ನ ಮಗನನ್ನು ನಿಲ್ಲಿಸಬೇಕಾಯಿತು. 1216ರಲ್ಲಿ ಜಾನನು ಸತ್ತನು. ಒಂಬತ್ತು ವರ್ಷದ ಮೂರನೆಯ ಹೆನ್ರಿಗೆ ಅವಸರದಲ್ಲಿ ಗ್ಲಾಸ್ಟರಿನಲ್ಲಿ ಪಟ್ಟ ಕಟ್ಟಿದರು. ಎಪ್ಪತ್ತರ ಹತ್ತಿರದಲ್ಲಿದ್ದ ಮಾರ್ಷಲನು ಬಾಲರಾಜನ ಪಾಲಕನೂ ರಾಜ್ಯದ ಪಾಲಕನೂ ಆದನು. 1217ರಲ್ಲಿ ಲಿಂಕನ್ನಿನಲ್ಲಿ ಅವನೇ ಕುದುರೆಯೇರಿ ಕಾದಿ ಹುಡುಗನಿಗೆ ರಾಜ್ಯವನ್ನು ಉಳಿಸಿಕೊಟ್ಟನು. 1219ರ ಮೇ ತಿಂಗಳಲ್ಲಿ ಸಾಯುವಾಗ ಬಾಲರಾಜನನ್ನು ಯಾವ ಸರದಾರನಿಗೂ ಒಪ್ಪಿಸದೆ ಪೋಪನ ಪ್ರತಿನಿಧಿಯ ಕೈಗೆ ಒಪ್ಪಿಸಿದನು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇನ್ನೊಂದಿದೆ. 1215ರ ಮ್ಯಾಗ್ನಾ ಕಾರ್ಟಾವನ್ನು ಮಾರ್ಷಲನು ಬಾಲರಾಜನ ಹೆಸರಿನಲ್ಲಿ 1216ರಲ್ಲಿಯೂ 1217ರಲ್ಲಿಯೂ ಮತ್ತೆ ಹೊರಡಿಸಿದನು. ಆ ಶಾಸನದ ಮೊದಲ ವಿಧಿಗಳಲ್ಲಿಯೇ ಬಾಲಕರ ಮಾತು ಬರುತ್ತದೆ. ಪಾಲಕನು ಭೂಮಿಯಿಂದ ನ್ಯಾಯವಾದ ಹುಟ್ಟುವಳಿಯನ್ನು ಮಾತ್ರ ತೆಗೆದುಕೊಳ್ಳಬೇಕು. ಜನರನ್ನೂ ಸೊತ್ತನ್ನೂ ಹಾಳುಮಾಡಬಾರದು. ಮನೆ, ಕೆರೆ, ಗಿರಣಿಗಳನ್ನು ಸುಸ್ಥಿತಿಯಲ್ಲಿಡಬೇಕು. ಬಾಧ್ಯನು ಪ್ರಾಯಕ್ಕೆ ಬಂದಾಗ ನೇಗಿಲು ಮೊದಲ್ಗೊಂಡು ಬೇಸಾಯದ ಸಾಮಗ್ರಿಗಳ ಸಹಿತ ಭೂಮಿಯನ್ನು ಹಿಂದಕ್ಕೆ ಕೊಡಬೇಕು. ವಿಧವೆಯನ್ನು ಬಲವಂತವಾಗಿ ಮರುಮದುವೆಗೆ ದೂಡಬಾರದೆಂಬ ವಿಧಿಯೂ ಅದರ ಹಿಂದೆಯೇ ಬರುತ್ತದೆ. ಪೌಲನು ಬಿಟ್ಟ ಪ್ರಶ್ನೆಗೆ ಸರದಾರರ ಲೋಕ ಕೊಟ್ಟುಕೊಂಡ ಉತ್ತರ ಇದು. ಭೂಮಿಯ ಲೆಕ್ಕ ಇದರಲ್ಲಿ ಪೂರ್ತಿಯಾಗಿದೆ. ಹುಡುಗನ ಲೆಕ್ಕವಿಲ್ಲ.

ಸುರಪುರದ ಬಾಲರಾಜನಿಗೆ ಪಾಲಕನಾಗಿ ಬಂದವನು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದು ತುಂಬಿದ ಹುಡುಗನಾಗಿ 1824ರಲ್ಲಿ ಮುಂಬಯಿಗೆ ಬಂದಿಳಿದು, ನೆಚ್ಚಿದ ವ್ಯಾಪಾರಿಯ ಆಸರೆ ಹುಸಿಯಾದಾಗ ನಿಜಾಮನ ಸೈನ್ಯವನ್ನು ಸೇರಿದವನು. ಕಂಪನಿಯ ನೌಕರನಾಗಲು ಅವನಿಗೆ ಎಂದೂ ಅವಕಾಶ ಸಿಕ್ಕಲಿಲ್ಲ. ಆ ಕೊರಗು ಅವನ ಆತ್ಮಕಥೆಯ ಉದ್ದಕ್ಕೂ ಕೇಳಿಸುತ್ತದೆ. 1839ರಲ್ಲಿ ಪ್ರಕಟವಾದ ಥಗ್ಗರ ಕಾದಂಬರಿಯಿಂದ ಲಂಡನ್ನಿನಲ್ಲಿ ಹೆಸರು ಮಾಡಿದ್ದನು. ಸುರಪುರದ ಸುತ್ತಲಿನ ಬೃಹತ್ ಶಿಲಾಸಮಾಧಿಗಳನ್ನು ಅಗೆದು ಅಳೆದು ಬರೆದ ಮೊದಲಿಗರಲ್ಲಿ ಒಬ್ಬನೆಂದು ಪ್ರಾಕ್ತನ ವಿದ್ವಾಂಸರು ಅವನನ್ನು ನೆನೆಯುತ್ತಾರೆ. ಹೆಂಡತಿ ಮೇರಿ, ಹೈದರಾಬಾದಿನ ಲೇವಾದೇವಿಗಾರ ವಿಲಿಯಂ ಪಾಮರನ ಮಗಳು. ಪಾಮರನ ತಾಯಿ ಮುಸ್ಲಿಂ ಕುಲೀನೆ. 1844ರಲ್ಲಿ ಮೇರಿ ತೀರಿಕೊಂಡ ಮೇಲೆ ಟೇಲರನು ಸುರಪುರದ ಗುಡ್ಡದ ಮೇಲಿನ ಮನೆಯಲ್ಲಿ ಒಂಟಿಯಾಗಿಯೇ ವರ್ಷಗಳನ್ನು ಕಳೆದನು. ಮನೆಯಿಲ್ಲದ ಗಂಡಸೂ ತಂದೆಯಿಲ್ಲದ ಹುಡುಗನೂ ಹೀಗೆ ಒಂದೇ ಊರಿನಲ್ಲಿ ಕೂಡಿದರು. ಹುಡುಗನು ಅವನನ್ನು ‘ಅಪ್ಪಾ’ ಎಂದು ಕರೆದನು. ಈ ಮಾತನ್ನು ಟೇಲರನು ಹೆಮ್ಮೆಯಿಂದ ದಾಖಲಿಸಿದ್ದಾನೆ, ಸುಳ್ಳೆನ್ನಲು ಕಾರಣವಿಲ್ಲ.

ಮ್ಯಾಗ್ನಾ ಕಾರ್ಟಾದ ಅಳತೆಗೋಲಿನಿಂದ ಅಳೆದರೆ ಟೇಲರನು ಒಳ್ಳೆಯ ಪಾಲಕನೇ. ಅವನು ಸಂಸ್ಥಾನದ ಲೆಕ್ಕಪತ್ರಗಳನ್ನು ಸರಿಪಡಿಸಿದನು, ಸಾಲವನ್ನು ಇಳಿಸಿದನು, ದಾರಿಗಳನ್ನು ಮಾಡಿಸಿದನು, ಬೋನಾಳದ ಕೆರೆಯ ಕೆಲಸ ಮಾಡಿಸಿದನು. ಶಸ್ತ್ರಧಾರಿಗಳಾದ ಬೇಡರ ಪಡೆಯನ್ನು ರಕ್ತ ಸುರಿಸದೆ ಅಂಕೆಯಲ್ಲಿಟ್ಟನು. ‘ಮೆಡೋಸ್’ ಎಂಬ ಹೆಸರು ಆ ಸೀಮೆಗಳ ಜನರ ನಾಲಗೆಯಲ್ಲಿ ‘ಮಹದೇವ’ ಆಯಿತು. ‘ಮಹದೇವ ಬಾಬಾ’ ಎಂದು ಕರೆದರು. ಇವೆಲ್ಲ ಬಹುಮಟ್ಟಿಗೆ ಅವನೇ ಹೇಳಿಕೊಂಡವು ಎಂಬುದನ್ನು ಮರೆಯಬಾರದು. ಆದರೂ ಗುಡ್ಡದ ಮೇಲೆ ‘ಟೇಲರ್ ಮಂಜಿಲ್’ ಎಂಬ ಹೆಸರು ಇಂದಿಗೂ ಉಳಿದಿರುವುದನ್ನು ಅವನ ಪುಸ್ತಕ ಉಳಿಸಿದ್ದಲ್ಲ.

ರಾಣಿ ಈಶ್ವರಮ್ಮನ ವಿಷಯ ಬೇರೆ. ಆಕೆ ನಮಗೆ ದೊರೆಯುವುದು ಟೇಲರನ ಪುಟಗಳಲ್ಲಿ, ಅಲ್ಲಿ ಆಕೆ ಹಟಮಾರಿ, ದುಂದುಗಾತಿ, ಶೀಲಗೆಟ್ಟವಳು. ಆಕೆಯ ಕೈಯಿಂದ ಅಧಿಕಾರವನ್ನು ಬಿಡಿಸಬೇಕಾಗಿದ್ದವನು ಬರೆದ ಮಾತುಗಳಿವು. ಗಂಡ ಸತ್ತ ಹೊತ್ತಿನಲ್ಲಿ ಮೈದುನನಿಗೆ ರೆಸಿಡೆಂಟನ ಬೆಂಬಲ, ಮಗನ ಮೇಲೆ ಪರದೇಶಿಯ ಕಣ್ಣು, ಬಾಗಿಲಲ್ಲಿ ಸಾಲಗಾರರು: ಇಂಥ ಸ್ಥಿತಿಯಲ್ಲಿ ಮಗನನ್ನೂ ಮುದ್ರೆಯನ್ನೂ ಬಿಡಲೊಲ್ಲದ ತಾಯಿಯನ್ನು ಹಟಮಾರಿ ಎನ್ನುವುದು ಸುಲಭ. ಅರಸುಕಾಲಗಳ ಪುಸ್ತಕಗಳಲ್ಲಿ ಬಾಲರಾಜನ ಬಳಿಯಿರುವ ರಾಣಿಯೆಂದರೆ ಒಂದೋ ಮಗುವನ್ನು ಬಚ್ಚಿಟ್ಟು ಕಾಪಾಡಿದ ಯೆಹೋಷೆಬ, ಇಲ್ಲವೆ ರಾಜವಂಶವನ್ನೇ ಕೊಲ್ಲಿಸಿದ ಅತಲ್ಯ. ನಡುವಿನ ದಾರಿಯಲ್ಲಿ ನಡೆದ ಹೆಂಗಸರಿಗೆ ಶಾಸ್ತ್ರವಾಚಕನ ಮನಸ್ಸಿನಲ್ಲಿಯೂ ಸ್ಥಳ ಕಡಿಮೆ. ಟೇಲರನು ಅತಲ್ಯಳನ್ನೇ ಕಂಡನು.

ಆದರೆ ಈ ಕಥೆಯ ಅತ್ಯಂತ ಗಾಢವಾದ ಸಂಗತಿ ಆಕೆಯ ಬಾಯಿಂದಲೇ ಬಂದಿತು. ಕಾಯಿಲೆಯಿಂದ ತಾನು ಉಳಿಯಲಾರೆನೆಂದು ತಿಳಿದ ಒಂದು ಸಂದರ್ಭದಲ್ಲಿ ಆಕೆ ಟೇಲರನನ್ನು ಕರೆಸಿಕೊಂಡು ಮಗನ ಜಾತಕದ ಗುಟ್ಟನ್ನು ತಿಳಿಸಿದಳು. ಅವನು ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟುವುದಿಲ್ಲವೆಂದು ಜೋಯಿಸರು ಬರೆದಿದ್ದರು. ಹುಡುಗನಿಗೆ ಅದು ಗೊತ್ತಿರಲಿಲ್ಲ. ತಾಯಿಯ ಎದೆಯಲ್ಲಿದ್ದ ಭಾರ ಆ ದಿನ ಪರಜಾತಿಯ, ಪರಧರ್ಮದ, ತನ್ನ ಎದುರಾಳಿಯೇ ಆಗಿದ್ದ ಗಂಡಸಿನ ಎದೆಗೆ ಇಳಿಯಿತು. ಆಕೆ ಅವನನ್ನು ನಂಬಿದಳೆ, ಅಥವಾ ನಂಬಲು ಬೇರೆ ಯಾರೂ ಇರಲಿಲ್ಲವೆ? ಟೇಲರನು ಆ ಮಾತನ್ನು ಕ್ರೈಸ್ತನಾಗಿ ನಂಬಲು ಒಲ್ಲದವನು, ಮರೆಯಲಾರದವನು.

1853ರಲ್ಲಿ ಗೊತ್ತಾದ ದಿನ ಬಂದಿತು. ರಾಜ್ಯವನ್ನು ಪ್ರಾಯಕ್ಕೆ ಬಂದ ರಾಜನಿಗೆ ಒಪ್ಪಿಸಿ ಟೇಲರನು ಸುರಪುರವನ್ನು ಬಿಟ್ಟನು. ಅದೇ ವರ್ಷದ ಒಪ್ಪಂದದಿಂದ ನಿಜಾಮನು ಬೀರಾರ, ನಳದುರ್ಗ, ರಾಯಚೂರು ದೋಆಬುಗಳನ್ನು ಸಾಲದ ಲೆಕ್ಕಕ್ಕೆ ಇಂಗ್ಲಿಷರ ಆಡಳಿತಕ್ಕೆ ಬಿಟ್ಟಿದ್ದನು. ಟೇಲರನು ನಳದುರ್ಗಕ್ಕೆ ಅಧಿಕಾರಿಯಾಗಿ ಹೋದನು. ಹೀಗೆ ವೆಂಕಟಪ್ಪ ನಾಯಕನು ಗದ್ದಿಗೆಯಲ್ಲಿ ಸರಿಯಾಗಿ ಕುಳಿತ ಹೊತ್ತಿಗೆ ಹೊಳೆಯಾಚೆಯ ಸೀಮೆ ಇಂಗ್ಲಿಷರದಾಗಿತ್ತು. ಮೇಲರಸನಾದ ನಿಜಾಮನೇ ಸಾಲಕ್ಕೆ ಭೂಮಿ ಕೊಟ್ಟು ಕೈತೊಳೆದುಕೊಂಡದ್ದನ್ನು ಅವನು ಕಣ್ಣಾರೆ ಕಂಡನು. ಮುಂದಿನ ವರ್ಷಗಳನ್ನು ಟೇಲರನು ವರ್ಣಿಸುವ ರೀತಿ ನಮಗೆ ಪರಿಚಿತವಾದದ್ದು: ಮತ್ತೆ ದುಂದು, ಮತ್ತೆ ಸಾಲ, ಕೆಟ್ಟ ಸಂಗ. ಎರಡನೆಯ ಪೂರ್ವಕಾಲವೃತ್ತಾಂತದ 24ನೆಯ ಅಧ್ಯಾಯವನ್ನು ಓದಿದವರಿಗೆ ಇದರ ಅಚ್ಚು ಗೊತ್ತು. ಏಳು ವರ್ಷದ ಯೋವಾಷನಿಗೆ ಯಾಜಕನಾದ ಯೆಹೋಯಾದನು ಪಟ್ಟ ಕಟ್ಟುತ್ತಾನೆ, ಅವನಿಗೆ ಹೆಂಡಿರನ್ನೂ ಆತನೇ ತರುತ್ತಾನೆ. ಯೆಹೋಯಾದನು ಇರುವ ತನಕ ರಾಜನು ನೆಟ್ಟಗೆ ನಡೆಯುತ್ತಾನೆ. ಆತನು ಸತ್ತ ಮೇಲೆ ಸರದಾರರ ಮಾತಿಗೆ ಬಿದ್ದು ಕೆಡುತ್ತಾನೆ, ಕೊನೆಗೆ ಪಾಲಕನ ಮಗನನ್ನೇ ಕೊಲ್ಲಿಸುತ್ತಾನೆ.

ವೃತ್ತಾಂತಕಾರನ ಈ ಅಚ್ಚನ್ನು ಎಲ್ಲ ಪಾಲಕರೂ ಇಷ್ಟಪಡುತ್ತಾರೆ. ಒಳ್ಳೆಯದು ತಮ್ಮಿಂದ, ಕೆಟ್ಟದ್ದು ತಮ್ಮ ಅಗಲಿಕೆಯಿಂದ. ನಾನು ಇದನ್ನು ಒಪ್ಪಲಾರೆ. ಯೋವಾಷನ ವಿಷಯದಲ್ಲಿಯೇ ಕೇಳಬಹುದಾದ ಪ್ರಶ್ನೆಯೊಂದಿದೆ: ಪಾಲಕನು ಸತ್ತ ಮರುದಿನವೇ ಸರದಾರರ ಮಾತಿಗೆ ಬೀಳುವವನಿಗೆ ಅಷ್ಟು ವರ್ಷಗಳ ಪಾಲನೆ ತೀರ್ಮಾನವನ್ನು ಕಲಿಸಿತೆ, ವಿಧೇಯತೆಯನ್ನು ಮಾತ್ರ ಕಲಿಸಿತೆ? ಸುರಪುರದಲ್ಲಿ ಲೆಕ್ಕ ಬರೆದವನು ಟೇಲರ್, ಪಂಚಾಯಿತಿ ಮಾಡಿದವನು ಟೇಲರ್, ಬೇಡ ಮುಖಂಡರೊಡನೆ ಮಾತಾಡಿದವನು ಟೇಲರ್. ಹತ್ತು ವರ್ಷಗಳ ಕಾಲ ಹುಡುಗನು ತನ್ನ ರಾಜ್ಯವು ಚೆನ್ನಾಗಿ ನಡೆಯುವುದನ್ನು ನೋಡಿದನು, ನಡೆಸಲಿಲ್ಲ. ಕಿರಿಯ ಹೆನ್ರಿಯ ಕಿರೀಟದ ಕಥೆಗೂ ಇದಕ್ಕೂ ದೂರವೆಷ್ಟು?

1857ರ ಉತ್ತರಾರ್ಧದಲ್ಲಿ ದಕ್ಷಿಣ ಮಹಾರಾಷ್ಟ್ರದಿಂದಲೂ ಉತ್ತರದಿಂದಲೂ ಸುದ್ದಿಗಾರರು ಸುರಪುರಕ್ಕೆ ಬರತೊಡಗಿದರು. ರಾಜನ ಮನಸ್ಸನ್ನು ತಿಳಿಯಲೆಂದು ರೆಸಿಡೆಂಟನು ಕ್ಯಾಂಪ್‌ಬೆಲ್ ಎಂಬ ಅಧಿಕಾರಿಯನ್ನು ಕಳುಹಿಸಿದನು. ಇಂಗ್ಲಿಷ್ ಪಡೆಗಳು ಸುತ್ತಲೂ ಹತ್ತಿರವಾದವು. 1858ರ ಫೆಬ್ರುವರಿ 7ರ ರಾತ್ರಿ ಸುರಪುರದ ಬಳಿ ಬಿಡಾರ ಮಾಡಿದ್ದ ಪಡೆಯ ಮೇಲೆ ಬೇಡರು ಬಿದ್ದರು. ಮರುದಿನದ ಕದನದಲ್ಲಿ ಕ್ಯಾಪ್ಟನ್ ನ್ಯೂಬರಿ ಎಂಬ ಅಧಿಕಾರಿ ಸತ್ತನು. ಕರ್ನಲ್ ಮಾಲ್ಕಮನ ಸೈನ್ಯ ಬಂದೊದಗಿತು. ರಾತ್ರಿ ರಾಜನು ಊರು ಬಿಟ್ಟು ಹೊರಟನು. ಹೋದದ್ದು ಹೈದರಾಬಾದಿಗೆ. ಅಲ್ಲಿ ಬಜಾರಿನಲ್ಲಿ ಸಿಕ್ಕಿಬಿದ್ದವನನ್ನು ಸಾಲಾರ್ ಜಂಗನು ರೆಸಿಡೆಂಟನಿಗೆ ಒಪ್ಪಿಸಿದನು.

ಸಿಕಂದರಾಬಾದಿನ ಸೆರೆಯಲ್ಲಿ ಟೇಲರನು ಅವನನ್ನು ಕಾಣಲು ಹೋದನು. ಯುವಕನು ಅವನನ್ನು ತಬ್ಬಿಕೊಂಡು ಅತ್ತನೆಂದು ಟೇಲರನು ಬರೆಯುತ್ತಾನೆ. ದಂಗೆಗೆ ಪ್ರೇರಿಸಿದವರ ಹೆಸರುಗಳನ್ನು ಅವನಿಂದ ಹೊರಡಿಸಬೇಕೆಂಬುದು ಅಧಿಕಾರಿಗಳ ಬಯಕೆ. ಹೇಳಿದರೆ ದಯೆಗೆ ದಾರಿಯಾದೀತೆಂಬ ಸೂಚನೆಯೂ ಇತ್ತು. ರಾಜನು ಹೇಳಲಿಲ್ಲ. ತನ್ನನ್ನು ನಂಬಿದವರನ್ನು ಹಿಡಿದುಕೊಟ್ಟು ಪಡೆಯುವ ಬದುಕು ತನಗೆ ಬೇಡವೆಂದನು. ಗಲ್ಲಿಗೇರಿಸುವುದು ಮಾತ್ರ ಬೇಡ, ಕಳ್ಳನ ಸಾವು ಅದು. ಫಿರಂಗಿಯ ಬಾಯಿಗೆ ಕಟ್ಟಲಿ, ಅಂಜುವುದಿಲ್ಲ ಎಂದು ಬೇಡಿಕೊಂಡನು. ಈ ಭೇಟಿಯನ್ನು ಮತ್ತೆ ಮತ್ತೆ ಓದಿದ್ದೇನೆ. ತನ್ನ ಪಾಲಿತನು ಹಾದಿ ತಪ್ಪಿದನೆಂದು ತೋರಿಸಲು ಪುಸ್ತಕ ಬರೆದವನೇ ಅವನು ನೆಟ್ಟಗೆ ನಿಂತ ಗಳಿಗೆಯನ್ನೂ ನಿಷ್ಠೆಯಿಂದ ಬರೆದಿಟ್ಟಿದ್ದಾನೆ. ಪಾಲಕನ ಸಹಾಯವಿಲ್ಲದೆ, ಪಾಲಕನ ಸಲಹೆಗೆ ವಿರುದ್ಧವಾಗಿ, ಅವನು ತಾನೇ ಮಾಡಿದ ಮೊದಲ ರಾಜಕಾರ್ಯ ಬಹುಶಃ ಅದೇ.

ಸೈನಿಕ ನ್ಯಾಯಾಲಯ ಮರಣದಂಡನೆ ವಿಧಿಸಿತು. ರೆಸಿಡೆಂಟ್ ಡೇವಿಡ್‌ಸನ್ನನು ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದನು. ಗವರ್ನರ್ ಜನರಲನು ಅದನ್ನು ಮತ್ತೂ ಇಳಿಸಿ, ಮದರಾಸಿನ ಬಳಿಯ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷ ಸೆರೆಯೆಂದೂ, ನಡತೆ ಒಳ್ಳೆಯದಾದರೆ ಬಳಿಕ ರಾಜ್ಯ ಹಿಂದಕ್ಕೆಂದೂ ಗೊತ್ತುಮಾಡಿದನು. ಜಾತಕ ಸುಳ್ಳಾಯಿತೆಂದು ಟೇಲರನು ಹಿಗ್ಗಿದನು. ಆದರೆ 1858ರ ಮೇ 11ರಂದು, ಚೆಂಗಲ್ಪಟ್ಟಿಗೆ ಹೋಗುವ ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿ ಬಿಚ್ಚಿಟ್ಟಿದ್ದ ರಿವಾಲ್ವರಿನ ಗುಂಡಿನಿಂದ ರಾಜನು ಸತ್ತನು. ತಾನೇ ಹಾರಿಸಿಕೊಂಡನೆಂಬುದು ಜೊತೆಗಿದ್ದವರ ವರದಿ. ಬುದ್ಧಿಪೂರ್ವಕವೋ ಆಕಸ್ಮಿಕವೋ ಎಂಬ ಸಂಶಯವನ್ನು ಅದೂ ತೀರಿಸುವುದಿಲ್ಲ. ಬೇರೆ ಸಾಕ್ಷಿಗಳಿಲ್ಲದ ಸಾವು ಅದು. ಅವನಿಗೆ ಆಗ ಇಪ್ಪತ್ತನಾಲ್ಕನೆಯ ವರ್ಷ.

ಟೇಲರನ ಆತ್ಮಕಥೆಯಲ್ಲಿ ಈ ಭಾಗ ಓದುಗನನ್ನು ನಡುಗಿಸುವಂತಿದೆ. ಕಾದಂಬರಿಕಾರನಾದ ಅವನಿಗೆ ಅದರ ಬೆಲೆ ಗೊತ್ತಿತ್ತು. ಆದರೆ ಕ್ರೈಸ್ತ ಓದುಗನು ಇಲ್ಲಿ ನಿಂತು ಯೋಚಿಸಬೇಕು. ಜಾತಕ ನಿಜವಾಯಿತೆಂದ ಕೂಡಲೆ ಕಥೆಯಲ್ಲಿ ಹೊಣೆಗಾರರೇ ಇಲ್ಲವಾಗುತ್ತಾರೆ. ನಜರಾಣೆಯ ಹೊರೆ ಹೊರಿಸಿದ ದರಬಾರು, ಬಾಲಕನ ರಾಜ್ಯವನ್ನು ಚದುರಂಗದ ಮನೆಯಂತೆ ಕಂಡ ರೆಸಿಡೆನ್ಸಿ, ಪಡೆಗಳನ್ನು ಹತ್ತಿರ ತಂದು ರಾಜನ ನಿಷ್ಠೆಯನ್ನು ಪರೀಕ್ಷಿಸಿದವರು, ತುಂಬಿದ ಆಯುಧವನ್ನು ಸೆರೆಯಾಳಿನ ಕೈಗೆಟಕುವಲ್ಲಿ ಬಿಟ್ಟವನು, ಎಲ್ಲರೂ ಗ್ರಹಗಳ ಹಿಂದೆ ಮರೆಯಾಗುತ್ತಾರೆ. ತಾಯಿಗೆ ಜಾತಕ ದುಃಖವಾಗಿತ್ತು. ಪಾಲಕನಿಗೆ ಅದು, ಅವನಿಗೇ ತಿಳಿಯದಂತೆ, ಸಮಾಧಾನವಾಯಿತು.

ಮಾರ್ಷಲನ ಮನೆತನಕ್ಕೂ ಇಂಥದೇ ಒಂದು ಮಾತು ಅಂಟಿಕೊಂಡಿದೆ. ಐರ್ಲೆಂಡಿನಲ್ಲಿ ಅವನು ಫರ್ನ್ಸ್ ಎಂಬಲ್ಲಿಯ ಬಿಷಪನ ಎರಡು ಹಳ್ಳಿಗಳನ್ನು ಕಸಿದುಕೊಂಡಿದ್ದನು. ಬಿಷಪನು ಬಹಿಷ್ಕಾರ ಹಾಕಿದನು. ಮಾರ್ಷಲನು ಹಳ್ಳಿಗಳನ್ನು ಬಿಡದೆ ಸತ್ತನು. ಬಳಿಕ ಬಿಷಪನು ಲಂಡನ್ನಿನ ಟೆಂಪಲ್ ಚರ್ಚಿನ ಸಮಾಧಿಯ ಬಳಿಗೆ ಬಂದು, ಹಳ್ಳಿಗಳನ್ನು ಮರಳಿಸಿದರೆ ಸತ್ತವನನ್ನು ಬಿಡುಗಡೆ ಮಾಡುವೆನೆಂದನು; ಮಕ್ಕಳು ಒಪ್ಪಲಿಲ್ಲ; ಆಗ ಈ ಹೆಸರು ಒಂದೇ ತಲೆಮಾರಿನಲ್ಲಿ ಅಳಿಯಲಿ ಎಂದು ಶಪಿಸಿದನೆಂದು ಮ್ಯಾಥ್ಯೂ ಪ್ಯಾರಿಸ್ ಎಂಬ ಸನ್ಯಾಸಿ ಬರೆದಿದ್ದಾನೆ. ಐವರು ಗಂಡುಮಕ್ಕಳೂ ಒಬ್ಬರ ಹಿಂದೊಬ್ಬರು ಪಟ್ಟಕ್ಕೆ ಬಂದು, 1231ರಿಂದ 1245ರೊಳಗೆ, ಬಾಧ್ಯರಿಲ್ಲದೆ ಸತ್ತರು. ಆದರೆ ಹೆಣ್ಣುಮಕ್ಕಳ ಸಂತಾನ ಬೆಳೆಯಿತು. ಸ್ಕಾಟ್‌ಲೆಂಡಿನ ಅರಸ ರಾಬರ್ಟ್ ಬ್ರೂಸನು ಆ ಸಂತಾನದವನು. ಶಾಪ ಫಲಿಸಿತೆನ್ನುವವರು ಹೆಣ್ಣುಮಕ್ಕಳನ್ನು ಮನೆತನವೆಂದು ಎಣಿಸಲಿಲ್ಲ, ಅಷ್ಟೆ. ಅದಕ್ಕಿಂತ ಮುಖ್ಯವಾಗಿ, ಎರಡು ಹಳ್ಳಿಗಳನ್ನು ಹಿಂದಕ್ಕೆ ಕೊಡಬಹುದಾಗಿತ್ತು ಎಂಬ ಸರಳ ಸಂಗತಿಯನ್ನು ಶಾಪದ ಕಥೆ ಮುಚ್ಚಿಹಾಕುತ್ತದೆ. ಯೆಹೆಜ್ಕೇಲನ 18ನೆಯ ಅಧ್ಯಾಯ ತಂದೆಯ ಪಾಪವನ್ನು ಮಗನ ತಲೆಗೆ ಕಟ್ಟುವುದನ್ನು ನಿರಾಕರಿಸಿದಾಗ ಪಾಪವಿಲ್ಲವೆಂದು ಹೇಳಲಿಲ್ಲ. ಅದು ಯಾರದೆಂದು ಗುರುತಿಸಲು ಕೇಳಿತು.

ಲಕ್ಷ್ಮೀಶನ ಚಂದ್ರಹಾಸನ ಕಥೆ ಇದೇ ಪ್ರಶ್ನೆಯನ್ನು ಬೇರೊಂದು ತುದಿಯಿಂದ ಹಿಡಿಯುತ್ತದೆ. ಅಲ್ಲಿಯೂ ತಂದೆತಾಯಿಗಳಿಲ್ಲದ ರಾಜಪುತ್ರ, ಅಲ್ಲಿಯೂ ಬ್ರಾಹ್ಮಣರ ಭವಿಷ್ಯವಾಣಿ. ಆದರೆ ಅದು ಬದುಕಿನ ಭವಿಷ್ಯ: ಈ ಹುಡುಗ ಅರಸನಾಗುವನೆಂಬುದು. ಮಂತ್ರಿ ದುಷ್ಟಬುದ್ಧಿ ಅದನ್ನು ಸುಳ್ಳಾಗಿಸಲು ಕೊಲೆಗೂ ವಿಷಕ್ಕೂ ಕೈಹಾಕುತ್ತಾನೆ; ಕುಳಿಂದನು ಕಾಡಿನಲ್ಲಿ ಸಿಕ್ಕ ಹುಡುಗನನ್ನು ಯಾವ ಲಾಭವನ್ನೂ ಎಣಿಸದೆ ಮಗನೆಂದು ಸಾಕುತ್ತಾನೆ. ಭವಿಷ್ಯ ಒಂದೇ ಆದರೂ ಅದರ ಮುಂದೆ ನಿಂತ ಇಬ್ಬರು ಪಾಲಕರು ಒಂದೇ ಅಲ್ಲವೆಂಬುದನ್ನು ಕನ್ನಡದ ಕೇಳುಗರು ತಾಳಮದ್ದಳೆಯಲ್ಲಿಯೂ ಬಯಲಾಟದಲ್ಲಿಯೂ ಕೇಳಿ ಬಲ್ಲರು. ಟೇಲರನನ್ನು ದುಷ್ಟಬುದ್ಧಿಯೆನ್ನುವುದು ಅನ್ಯಾಯ. ಅವನು ಕುಳಿಂದನಂತೆ ಪ್ರೀತಿಸಿದನು. ಆದರೆ ಕುಳಿಂದನು ಯಾರ ಸಂಬಳವನ್ನೂ ತಿನ್ನುತ್ತಿರಲಿಲ್ಲ.

ಇದೇ ದಶಕದಲ್ಲಿ ಕನ್ನಡ ನಾಡಿನ ಇನ್ನೊಂದು ಅಂಚಿನಲ್ಲಿ ಇನ್ನೊಬ್ಬ ಯೂರೋಪಿನವನು ಇನ್ನೊಬ್ಬ ತರುಣನಿಗೆ ತಂದೆಯಂತಾಗಿದ್ದನು. ಹೆರ್ಮನ್ ಮೋಗ್ಲಿಂಗನ ಮಂಗಳೂರಿನಲ್ಲಿ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಹೊಂದಿದ ಆನಂದರಾವ್ ಕೌಂಡಿಣ್ಯನು ಮನೆಯನ್ನೂ ಹೆಂಡತಿಯನ್ನೂ ಕಳೆದುಕೊಂಡು ಆ ಗುರುವಿನ ಹಿಂದೆ ಬಾಸೆಲಿಗೆ ಹೋದನು. ಹೋಲಿಕೆಯನ್ನು ಹಿಗ್ಗಿಸಬಾರದು, ಅಲ್ಲಿ ಕಪ್ಪವಿರಲಿಲ್ಲ, ಸೈನ್ಯವಿರಲಿಲ್ಲ, ತರುಣನು ತಾನೇ ಆರಿಸಿಕೊಂಡ ದಾರಿ ಅದು. ಆದರೆ ಒಂದು ಭೇದ ನಮ್ಮ ಸಭೆಗಳ ಚರಿತ್ರೆಗೆ ಸಂಬಂಧಪಟ್ಟದ್ದು. ಕೌಂಡಿಣ್ಯನು 1851ರಲ್ಲಿ ಅಭಿಷಿಕ್ತನಾಗಿ, ಬಾಸೆಲ್ ಮಿಷನ್ನಿನ ಮಿಷನರಿಯೆಂಬ ಪದವಿಯಿಂದಲೇ ಮರಳಿದನು; ಅವನ ಗುರುವಿನದೂ ಅದೇ ಪದವಿ. ಸಭೆಗಳಲ್ಲಿ ಉಳಿದ ದೇಶೀಯರಿಗೆ ಆ ಮಟ್ಟದ ಕೈಬಿಡುವಿಕೆ ದೊರೆಯಲು ಎಷ್ಟು ಕಾಲ ಹಿಡಿಯಿತೆಂಬುದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾದ ವಿಷಯವಲ್ಲ. ‘ಇನ್ನೂ ಪ್ರಾಯಕ್ಕೆ ಬಂದಿಲ್ಲ’ ಎಂಬ ಮಾತು ರೆಸಿಡೆನ್ಸಿಯಲ್ಲಿ ಮಾತ್ರ ಕೇಳಿಬಂದದ್ದಲ್ಲ. ಪೌಲನ ಚಿತ್ರದಲ್ಲಿ ದಿನವನ್ನು ಗೊತ್ತುಮಾಡುವವನು ತಂದೆ. ಪಾಲಕನಿಗೆ ಆ ಅಧಿಕಾರವಿಲ್ಲ. ಪಾಲಕನು ಆ ಅಧಿಕಾರವನ್ನು ತಾನೇ ವಹಿಸಿಕೊಂಡಾಗ ಬಾಧ್ಯನ ಬಾಲ್ಯ ಮುಗಿಯುವುದೇ ಇಲ್ಲ.

ಮಾರ್ಷಲನ ಜೀವನವನ್ನು ಅವನ ಹಿರಿಯ ಮಗನು ಕವಿಯೊಬ್ಬನಿಂದ ಆಂಗ್ಲೋ-ನಾರ್ಮನ್ ಫ್ರೆಂಚಿನಲ್ಲಿ ಬರೆಯಿಸಿದನು. ಹತ್ತೊಂಬತ್ತು ಸಾವಿರದಷ್ಟು ಸಾಲುಗಳ ಆ ಕಾವ್ಯದ ಒಂದೇ ಒಂದು ಪ್ರತಿ ಉಳಿದು, 1861ರ ಹರಾಜೊಂದರಲ್ಲಿ ಪಾಲ್ ಮೇಯರ್ ಎಂಬ ವಿದ್ವಾಂಸನ ಕಣ್ಣಿಗೆ ಬಿದ್ದಿತು. ಸುರಪುರದಲ್ಲಿ ಬಾಲರಾಜನ ಜೀವನವನ್ನು ಬರೆದವನು ಪಾಲಕನು. ಅವನು 1876ರಲ್ಲಿ ತೀರಿಕೊಂಡ ಮೇಲೆ ಆ ಪುಸ್ತಕವನ್ನು ಹೊರತಂದವಳು ಅವನ ಮಗಳು ಆಲಿಸ್. ರಾಜನು ತನ್ನ ಕಥೆಯನ್ನು ಬರೆಯಿಸಲು ಮಗನಿರಲಿಲ್ಲ, ವರ್ಷಗಳೂ ಇರಲಿಲ್ಲ. ದೇವಾಪುರ ಮೊದಲಾದ ಹಳ್ಳಿಗಳಲ್ಲಿ ಅವನು ಉಳಿದದ್ದು ಹಾಡಿಕೆಯವರ ಬಾಯಲ್ಲಿ, ಬಳಿಕ ಸ್ವಾತಂತ್ರ್ಯ ಹೋರಾಟದ ಚರಿತ್ರೆಗಳಲ್ಲಿ. ಅಲ್ಲಿ ಅವನು ಎಂಟು ವರ್ಷದ ಹುಡುಗನೇ ಅಲ್ಲ, ಹುಟ್ಟಿದಾಗಿನಿಂದ ವೀರ.

ರಾಜನು ಸತ್ತ ಮೇಲೆ ಸುರಪುರವನ್ನು ಇಂಗ್ಲಿಷರು ವಶಪಡಿಸಿಕೊಂಡರು. 1860ರಲ್ಲಿ, ದಂಗೆಯ ಕಾಲದಲ್ಲಿ ನೆರವಾದದ್ದಕ್ಕೆ ಉಡುಗೊರೆಯಾಗಿ, ಅದನ್ನು ನಿಜಾಮನಿಗೆ ಕೊಟ್ಟರು. ನಜರಾಣೆಯ ಬಾಕಿ ಕೇಳುತ್ತಿದ್ದ ದರಬಾರಿಗೆ ಸಂಸ್ಥಾನವೇ ಬಂದಿತು. ಅದೇ ವರ್ಷ ಟೇಲರನು ಕಾಯಿಲೆಯಿಂದ ಬಳಲಿ ಭಾರತವನ್ನು ಬಿಟ್ಟು ಹಡಗು ಹತ್ತಿದನು.